ಸ್ಟಿಯರಿಂಗ್ ಹಿಡಿಯುವವರನ್ನು ನೆನೆದು ನಕ್ಷೆ ಹಾಕು: ಯುರೋಪಿನ ರಸ್ತೆ ಪ್ರವಾಸಕ್ಕೆ ದೊಡ್ಡಪ್ಪನ ಕಿವಿಮಾತು

ಮಗಳೇ,

ನೀನು ಕಳಿಸಿದ ನಕ್ಷೆ ನೋಡಿದೆ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ವೆನಿಸ್, ರೋಮ್, ಸ್ವಿಟ್ಜರ್‌ಲೆಂಡ್, ತಿರುಗಿ ಪ್ಯಾರಿಸ್. ಎಲ್ಲವೂ 14 ರಾತ್ರಿಗಳಲ್ಲಿ. ಊರುಗಳೆಲ್ಲ ಚೆಂದದವೇ. ಆದರೆ ಗಾಡಿ ಓಡಿಸುವ ಅಳಿಯಂದಿರಿಗೆ ಆ ನಕ್ಷೆಯಲ್ಲಿ ಎಲ್ಲಿಯೂ ಬಿಡುವಿಲ್ಲ. ಜೊತೆಗೆ ಬೀಗರಿಬ್ಬರು ಬರುತ್ತಾರೆ, ಆರು ವರ್ಷದ ಪುಟ್ಟ ಇದ್ದಾನೆ. ನಾನು ಸ್ಟಟ್‌ಗಾರ್ಟ್‌ನಲ್ಲಿ ನೌಕರಿಯಲ್ಲಿದ್ದ ಕಾಲದಲ್ಲಿ ಊರಿನಿಂದ ಬಂದ ಹಿರಿಯರನ್ನು, ಮಕ್ಕಳನ್ನು ಕೂರಿಸಿಕೊಂಡು ಆಲ್ಪ್ಸ್ ಪರ್ವತದ ಆಚೆ ಈಚೆ ಓಡಾಡಿದವನು. ನನಗೆ ಗೊತ್ತಿರುವುದನ್ನು ಕೆಳಗೆ ಬರೆದಿದ್ದೇನೆ. ಪ್ರತಿಯೊಂದನ್ನೂ ಸ್ಟಿಯರಿಂಗ್ ಹಿಡಿದು ಕೂತವರ ಜಾಗದಲ್ಲಿ ನಿಂತು ಓದಿಕೋ.

• ಮೊದಲು ದೇಶಗಳ ಪಟ್ಟಿಯನ್ನು ಕತ್ತರಿಸು. ನೀನು ಬರೆದ ಸುತ್ತು 4,500 ಕಿಲೋಮೀಟರಿಗೂ ಹೆಚ್ಚು. ಮೊಬೈಲಿನ ಮ್ಯಾಪ್ ಹೇಳುವುದು ಚಕ್ರ ಉರುಳುವ ಹೊತ್ತನ್ನು ಮಾತ್ರ. ಬೀಗರು ಇಳಿದು ಕಾಲು ಸಡಿಲಿಸಿಕೊಳ್ಳುವುದು, ಪುಟ್ಟನಿಗೆ ಹಸಿವಾಗುವುದು, ಡೀಸೆಲ್ ತುಂಬಿಸುವುದು, ಹೋಟೆಲಿನ ಹತ್ತಿರ ಪಾರ್ಕಿಂಗ್ ಹುಡುಕುವುದು ಯಾವುದೂ ಅದರ ಲೆಕ್ಕದಲ್ಲಿಲ್ಲ. ಮ್ಯಾಪ್ 4 ಗಂಟೆ ಎಂದರೆ ನೀನು 6 ಎಂದು ಬರೆದುಕೋ. ಯಾವ ದಿನವೂ 300 ಕಿ.ಮೀ. ದಾಟಬೇಡ. ಒಂದು ದಿನ ದೂರ ಓಡಿಸಿದರೆ ಮರುದಿನ ಕೀಲಿಕೈ ಮುಟ್ಟದಂತಿರಲಿ, ಇಲ್ಲವೆ ಹತ್ತಿರದ ಒಂದು ಊರಿಗೆ ಹೋಗಿಬರುವಷ್ಟಿರಲಿ. ದೊಡ್ಡ ನಗರಗಳನ್ನು ಸೇರಿಸಲು ರೈಲೇ ಸರಿ; ಪ್ಯಾರಿಸ್, ರೋಮ್, ಆಮ್‌ಸ್ಟರ್‌ಡ್ಯಾಮಿನೊಳಗೆ ಕಾರು ಬರೀ ಹೊರೆ. ಕಾರು ಬೇಕಾಗುವುದು ಬೆಟ್ಟ, ಕೊಳ್ಳ, ಸರೋವರ, ಸಣ್ಣ ಊರುಗಳಿಗೆ.

• ನನ್ನ ಆಯ್ಕೆ ಹೇಳಲೇ? ನಾಲ್ಕು ದೇಶ, ಒಂದು ಸುತ್ತು: ಜರ್ಮನಿ, ಆಸ್ಟ್ರಿಯಾ, ಸ್ಲೊವೇನಿಯಾ, ಇಟಲಿ. ಮ್ಯೂನಿಕ್‌ನಲ್ಲಿ ಇಳಿದು 2 ರಾತ್ರಿ. ಅಲ್ಲಿಂದ 145 ಕಿ.ಮೀ. ಸಾಲ್ಸ್‌ಬರ್ಗ್, 3 ರಾತ್ರಿ. ಒಂದು ದಿನ ಹಾಲ್‌ಸ್ಟಾಟ್‌ಗೆ ಹೋಗಿಬನ್ನಿ. ಆಮೇಲೆ ಟೌವರ್ನ್ ಹೆದ್ದಾರಿ ಹಿಡಿದು, ಕಾರಾವಾಂಕನ್ ಸುರಂಗದಲ್ಲಿ ಬೆಟ್ಟದ ಆಚೆ ಬಂದರೆ ಸ್ಲೊವೇನಿಯಾ. ಬ್ಲೆಡ್ ಸರೋವರದ ದಡದಲ್ಲಿ 3 ರಾತ್ರಿ. ಅಲ್ಲಿಂದ ವೆನಿಸ್‌ಗೆ ಹೋಗುವ ದಾರಿಯಲ್ಲೇ ಪೋಸ್ಟೊಯ್ನಾ ಗುಹೆಗಳಿವೆ. ಒಳಗೆ ಪುಟಾಣಿ ರೈಲು ಓಡುತ್ತದೆ, ಪುಟ್ಟ ಕುಣಿದಾಡುತ್ತಾನೆ. ಆದರೆ ಬೇಸಿಗೆಯಲ್ಲೂ ಒಳಗೆ 10 ಡಿಗ್ರಿಯ ಆಸುಪಾಸು, ಸ್ವೆಟರ್ ಕೈಗೆಟುಕುವಂತಿರಲಿ. ವೆನಿಸ್ ಪಕ್ಕದ ಮೆಸ್ಟ್ರೆಯಲ್ಲಿ 2 ರಾತ್ರಿ, ಡೊಲೊಮೈಟ್ ಬೆಟ್ಟಗಳ ನಡುವಿನ ಓರ್ಟಿಸೇಯಲ್ಲಿ 3 ರಾತ್ರಿ, ಬ್ರೆನ್ನರ್ ಕಣಿವೆದಾರಿಯಲ್ಲಿ ಹಿಂದಿರುಗಿ ಮ್ಯೂನಿಕ್‌ನಲ್ಲಿ 1. ಒಟ್ಟು ಸುಮಾರು 1,300 ಕಿ.ಮೀ. ಹೊರಟಲ್ಲಿಗೇ ಬಂದು ಕಾರು ಒಪ್ಪಿಸುವುದರಿಂದ ಬೇರೆ ಊರಿನಲ್ಲಿ ಬಿಡುವುದಕ್ಕೆ ಕೇಳುವ ಭಾರೀ ಶುಲ್ಕವೂ ಉಳಿಯುತ್ತದೆ.

• ಬೀಗರ ಮೊಣಕಾಲನ್ನು ನೆನಪಿನಲ್ಲಿಟ್ಟೇ ಈ ಊರುಗಳನ್ನು ಆರಿಸಿದ್ದೇನೆ. ಸಾಲ್ಸ್‌ಬರ್ಗಿನ ಕೋಟೆಗೆ ಹಳಿಯ ಮೇಲೆ ಏರುವ ಗಾಡಿಯಿದೆ. ಓರ್ಟಿಸೇಯಿಂದ ಆಲ್ಪೆ ಡಿ ಸಿಯುಸಿ ಎಂಬ ಮಹಾ ಹುಲ್ಲುಗಾವಲಿಗೆ ತೂಗುಗಾಡಿ ಒಯ್ಯುತ್ತದೆ; ಹಗಲು ಹೊತ್ತು ಖಾಸಗಿ ಕಾರುಗಳನ್ನು ಮೇಲೆ ಬಿಡುವುದೂ ಇಲ್ಲ. ಬ್ಲೆಡ್ ದ್ವೀಪದ ಚರ್ಚಿಗೆ ಮಾತ್ರ 99 ಮೆಟ್ಟಿಲು. ಹುಟ್ಟು ಹಾಕುವ ದೋಣಿಯಲ್ಲಿ ದ್ವೀಪದವರೆಗೆ ಹೋಗಿ, ಮೇಲೆ ಹತ್ತಲಾಗದಿದ್ದರೆ ಅವರು ಕೆಳಗೆ ಕೂತು ನೀರು ನೋಡಲಿ. ಹತ್ತಲೇಬೇಕೆಂದು ಬಲವಂತ ಮಾಡಬೇಡಿ.

• ತಿಂಗಳು: ಜೂನ್ ಅಥವಾ ಸೆಪ್ಟೆಂಬರ್ ಮೊದಲರ್ಧ. ಎತ್ತರದ ಕಣಿವೆದಾರಿಗಳಲ್ಲಿ ಹಿಮ ತೆರವಾಗುವುದಕ್ಕೆ ಮೇ, ಕೆಲವು ವರ್ಷ ಜೂನ್ ಬೇಕು. ಜೂನಿನಲ್ಲಿ ರಾತ್ರಿ 9ರವರೆಗೂ ಬೆಳಕಿರುತ್ತದೆ. ಹೊಸ ರಸ್ತೆಯಲ್ಲಿ ಕತ್ತಲಲ್ಲಿ ಓಡಿಸುವುದು ತಪ್ಪುತ್ತದೆ. ಆಗಸ್ಟಿನಲ್ಲಿ, ಅದರಲ್ಲೂ 15ನೇ ತಾರೀಖಿನ ಹಿಂದೆ ಮುಂದೆ, ಇಟಲಿಗೆ ಇಟಲಿಯೇ ರಜೆಯ ಮೇಲೆ ರಸ್ತೆಗಿಳಿದಿರುತ್ತದೆ. ಸೆಪ್ಟೆಂಬರ್ ಕೊನೆಗೆ ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್. ಹೋಟೆಲ್ ದರ ಕೇಳುವಂತಿಲ್ಲ.

• ವೀಸಾ ವಿಷಯದಲ್ಲಿ ರಾತ್ರಿಗಳನ್ನು ಎಣಿಸು. ಈ ನಾಲ್ಕೂ ದೇಶಕ್ಕೆ ಒಂದೇ ಷೆಂಗೆನ್ ವೀಸಾ. ಆದರೆ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ತಂಗುವ ದೇಶಕ್ಕೆ. ದಿನಗಳು ಸಮನಾದರೆ ಮೊದಲು ಕಾಲಿಡುವ ದೇಶಕ್ಕೆ. ಮೇಲಿನ ಸುತ್ತಿನಲ್ಲಿ ಇಟಲಿಗೆ 5 ರಾತ್ರಿ, ಉಳಿದವಕ್ಕೆ ಮೂರು ಮೂರು. ಆದ್ದರಿಂದ ವಿಮಾನ ಇಳಿಯುವುದು ಮ್ಯೂನಿಕ್‌ನಲ್ಲಾದರೂ ಅರ್ಜಿ ಇಟಲಿಗೆ ಹೋಗಬೇಕು. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬೇಸಿಗೆಗೆ ಹೊರಡುವವರು ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗದೆ ಒದ್ದಾಡುತ್ತಾರೆ, ಸಂಕ್ರಾಂತಿ ಹೊತ್ತಿಗೇ ಶುರು ಮಾಡು. ಹೋಟೆಲುಗಳನ್ನು ಹಣ ಕಳೆದುಕೊಳ್ಳದೆ ರದ್ದು ಮಾಡಬಹುದಾದ ಷರತ್ತಿನಲ್ಲೇ ಕಾಯ್ದಿರಿಸು. ಕನಿಷ್ಠ 30,000 ಯುರೋ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ಬೀಗರದ್ದನ್ನು ಮಾಡಿಸುವಾಗ ಬಿಪಿ, ಸಕ್ಕರೆ ಕಾಯಿಲೆ ಇರುವುದನ್ನು ಮುಚ್ಚಿಡದೆ ಬರೆಸು. ಅಕ್ಟೋಬರ್ 2025ರಿಂದ ಗಡಿಯಲ್ಲಿ ಬೆರಳಚ್ಚು, ಮುಖದ ಚಿತ್ರ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಬಂದಿದೆ. ಇಳಿದ ಕೂಡಲೇ ಸಾಲು ನಿಲ್ಲುವುದಕ್ಕೆ ಹೊತ್ತು ಇಟ್ಟುಕೊಳ್ಳಿ.

• ಇನ್ನೊಂದು ಆಸೆ ನನ್ನದು. ಎರಡು ರಾತ್ರಿ ಹೆಚ್ಚಿಗೆ ಸಿಕ್ಕರೆ ಐದನೆಯ ದೇಶ ಸೇರಿಸಬೇಡ, ಮ್ಯೂನಿಕ್‌ನಿಂದ 220 ಕಿ.ಮೀ. ಆಚೆಯ ಟ್ಯೂಬಿಂಗನ್‌ಗೆ ಹೋಗಿ. ನೆಕರ್ ನದಿಯ ದಡದ ಹಳೆಯ ವಿಶ್ವವಿದ್ಯಾಲಯದ ಊರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕನ್ನಡ–ಇಂಗ್ಲಿಷ್ ನಿಘಂಟನ್ನು ಕಟ್ಟಿದ ಫರ್ಡಿನೆಂಡ್ ಕಿಟ್ಟೆಲ್ 1903ರಲ್ಲಿ ಕಣ್ಣು ಮುಚ್ಚಿದ್ದು ಅಲ್ಲಿ. ಹತ್ತಿರದ ಎಸ್ಲಿಂಗನ್ನಿನಲ್ಲಿ, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ತಮ್ಮ ಕೊನೆಯ ದಿನಗಳನ್ನು ಕಳೆದರು. ನಮ್ಮ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕಿಟ್ಟೆಲ್ ಪ್ರತಿಮೆಯನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಾ ಬೆಳೆದವಳು ನೀನು. ಅವರು ನಡೆದಾಡಿದ ಊರನ್ನು ಪುಟ್ಟನಿಗೆ ತೋರಿಸು. ಒಂದು ಮಾತು: ಈ ಎರಡು ರಾತ್ರಿ ಸೇರಿದರೆ ಜರ್ಮನಿಯೂ ಇಟಲಿಯೂ ಐದೈದಾಗಿ ಸಮವಾಗುತ್ತವೆ, ಆಗ ವೀಸಾ ಅರ್ಜಿ ಜರ್ಮನಿಗೆ. ಆದ್ದರಿಂದ ಅಪಾಯಿಂಟ್‌ಮೆಂಟಿಗೆ ಮುಂಚೆ ತೀರ್ಮಾನವಾಗಲಿ.

• ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೊಡುವುದು ನಿಮ್ಮ ಆರ್‌ಟಿಒ. ಒಂದು ವರ್ಷ ನಡೆಯುತ್ತದೆ. ಅಂತರ್ಜಾಲದಲ್ಲಿ ದುಡ್ಡು ಪಡೆದು ಕಾರ್ಡ್ ಕಳಿಸುವವರನ್ನು ನಂಬಬೇಡ, ಅದಕ್ಕೆ ಕಾನೂನಿನ ಬೆಲೆಯಿಲ್ಲ. ಪರ್ಮಿಟ್ ಜೊತೆಗೆ ಮೂಲ ಲೈಸೆನ್ಸೂ ಕೈಯಲ್ಲಿರಬೇಕು. ನೀನೂ ಮಾಡಿಸು, ಅಳಿಯಂದಿರೂ ಮಾಡಿಸಲಿ. ಓಡಿಸುವವರು ಒಬ್ಬರೇ ಆದರೆ ಒಂದು ತಲೆನೋವು ಬಂದರೂ ಇಡೀ ಪ್ರವಾಸ ನಿಲ್ಲುತ್ತದೆ. ಎರಡನೆಯ ಚಾಲಕರಿಗೆಂದು ಬಾಡಿಗೆ ಕಂಪನಿ ಕೇಳುವ ಹೆಚ್ಚುವರಿ ಹಣಕ್ಕೆ ಹಿಂದೆ ಮುಂದೆ ನೋಡಬೇಡ. ಹೆಸರು ಬರೆಸದವರು ಓಡಿಸಿ ಅಪಘಾತವಾದರೆ ವಿಮೆ ಕೈಬಿಡುತ್ತದೆ.

• ಕಾರು. ನೀವು ಐದು ಜನ, ಅದರಲ್ಲಿ ಪುಟ್ಟನ ಕುರ್ಚಿ. ಐದು ಸೀಟಿನ ಕಾರಿನ ಹಿಂದೆ ಮಕ್ಕಳ ಕುರ್ಚಿ ಕಟ್ಟಿದರೆ ಪಕ್ಕದ ಇಬ್ಬರು ಹಿರಿಯರು ಭುಜ ಕುಗ್ಗಿಸಿ ಕೂರಬೇಕು, ಐದು ಸೂಟ್‌ಕೇಸೂ ಹಿಡಿಸುವುದಿಲ್ಲ. ಏಳು ಸೀಟಿನದು ತಗೊಂಡು ಹಿಂದಿನ ಸಾಲು ಮಡಿಸಿ. ಪೆಟ್ಟಿಗೆಯೆಲ್ಲ ಮುಚ್ಚಿದ ಡಿಕ್ಕಿಯೊಳಗೇ ಇರಬೇಕು, ಕಿಟಕಿಯಿಂದ ಚೀಲ ಕಂಡರೆ ಕಳ್ಳರಿಗೆ ಕರೆದಂತೆ. ಗೇರು ಬದಲಾಯಿಸುವ ಕೈಯೇ ಬದಲಾಗುವ ಊರಿನಲ್ಲಿ ಆಟೊಮ್ಯಾಟಿಕ್ ದೊಡ್ಡ ಉಪಕಾರ. ಕೇಳದಿದ್ದರೆ ಕೊಡುವುದು ಗೇರಿನದೇ, ಕಾಯ್ದಿರಿಸುವಾಗಲೇ ಆರಿಸು. ಬುಕಿಂಗಿನಲ್ಲಿ ನಾಲ್ಕೂ ದೇಶಗಳ ಹೆಸರು ಬರೆಸು. ಕೆಲವು ಕಂಪನಿಗಳು ದುಬಾರಿ ಮಾದರಿಗಳನ್ನು ಇಟಲಿಗೋ ಪೂರ್ವದ ದೇಶಗಳಿಗೋ ಒಯ್ಯಲು ಬಿಡುವುದಿಲ್ಲ. ಪುಟ್ಟನ ಕುರ್ಚಿ ಕಡ್ಡಾಯ, ತೊಡೆಯ ಮೇಲೆ ಕೂರಿಸಿಕೊಳ್ಳುವ ಮಾತೇ ಇಲ್ಲ. ಹಿಂದೆ ಕೂತವರೂ ಬೆಲ್ಟ್ ಹಾಕಬೇಕು; ಬೀಗತಿಯವರಿಗೆ ಸೀರೆಯ ಮೇಲೆ ಅದು ಕಿರಿಕಿರಿ ಎನಿಸಿದರೂ ಮೆತ್ತಗೆ ಹೇಳಿ ಒಪ್ಪಿಸು.

• ಕಾರು ಕೊಡುವ ಕೌಂಟರಿನಲ್ಲಿ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಠೇವಣಿಗೆಂದು ಒಂದಷ್ಟು ಮೊತ್ತ ಹಿಡಿದಿಡುತ್ತಾರೆ. ಡೆಬಿಟ್ ಕಾರ್ಡನ್ನು ಬಹಳ ಕಡೆ ಒಪ್ಪುವುದಿಲ್ಲ. ಅಳಿಯಂದಿರ ಕಾರ್ಡಿನ ಮಿತಿ ಸಾಕಷ್ಟಿದೆಯೇ ನೋಡಿಕೊಳ್ಳಿ. ವಿಮೆಯಲ್ಲಿ ನಿಮ್ಮ ಜೇಬಿನಿಂದ ಹೋಗುವ ಭಾಗ ಎಷ್ಟು, ಗಾಜು ಮತ್ತು ಟೈರು ಸೇರಿದೆಯೇ ಕೇಳಿ. ಕೀಲಿಕೈ ಕೊಟ್ಟ ಮೇಲೆ ಕಾರಿನ ಸುತ್ತ ನಿಧಾನವಾಗಿ ನಡೆದು, ಗೀರು, ನೆಗ್ಗು, ಚಕ್ರದ ಅಂಚು, ಡೀಸೆಲ್ ಮುಳ್ಳು ಎಲ್ಲವನ್ನೂ ವಿಡಿಯೊ ಮಾಡಿಕೊಳ್ಳಿ. ಹಿಂದೆ ಗ್ರಾಹಕರ ಸಾಲು ಬೆಳೆದರೆ ಬೆಳೆಯಲಿ.

• ಇಳಿದ ದಿನ ಕಾರು ತಗೊಳ್ಳಬೇಡಿ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ರಾತ್ರಿಯೆಲ್ಲ ವಿಮಾನದಲ್ಲಿ ಅರೆನಿದ್ದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆಯ ವ್ಯತ್ಯಾಸ, ಎದುರಿಗೆ ಬಲಬದಿಯ ರಸ್ತೆ. ಮ್ಯೂನಿಕ್‌ನ ಎರಡು ರಾತ್ರಿ ಇಟ್ಟದ್ದೇ ಇದಕ್ಕೆ. ರೈಲಿನಲ್ಲಿ ಹೋಟೆಲಿಗೆ ಹೋಗಿ, ಊಟ ಮಾಡಿ ಮಲಗಿ, ಮರುದಿನ ಊರು ನೋಡಿ. ಮೂರನೆಯ ದಿನ ಬೆಳಿಗ್ಗೆ ಕಾರು. ಸಾಧ್ಯವಾದರೆ ಭಾನುವಾರ ಹೊರಡಿ; ಜರ್ಮನಿ, ಆಸ್ಟ್ರಿಯಾಗಳಲ್ಲಿ ಆ ದಿನ ದೊಡ್ಡ ಲಾರಿಗಳು ಓಡುವಂತಿಲ್ಲ, ಹೆದ್ದಾರಿ ಹಗುರಾಗಿರುತ್ತದೆ. ಭಾನುವಾರ ಕಾರು ಕೊಡುವ ಕಚೇರಿ ಬಹುಪಾಲು ವಿಮಾನ ನಿಲ್ದಾಣದಲ್ಲಿ ಮಾತ್ರ ತೆರೆದಿರುತ್ತದೆ.

• ಬಲಬದಿಯ ಓಡಾಟಕ್ಕೆ ಒಂದೆರಡು ಗಂಟೆಯಲ್ಲಿ ಕೈ ಪಳಗುತ್ತದೆ. ಅಪಾಯವಿರುವುದು ಕೈ ಪಳಗಿತು ಎಂದುಕೊಂಡ ಮೇಲೆ: ಬೆಳಿಗ್ಗೆ ಖಾಲಿ ರಸ್ತೆಗೆ ಹೊರಡುವಾಗ, ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ಒಂಟಿ ರಸ್ತೆಯಿಂದ ಎಡಕ್ಕೆ ತಿರುಗುವಾಗ. ಪಕ್ಕದಲ್ಲಿ ಕೂತವರು ಪ್ರತಿ ಸಲ ಹೊರಡುವಾಗಲೂ ‘ಬಲಕ್ಕೆ’ ಎಂದು ಬಾಯಿಬಿಟ್ಟು ಹೇಳಲಿ. ಇಂಡಿಕೇಟರ್ ಎಡಗೈ ಕಡೆ ಇರುತ್ತದೆ, ಅಳಿಯಂದಿರಿಗೆ ಮಾರುತಿಯ ಅಭ್ಯಾಸವಾದ್ದರಿಂದ ಮೊದಲ ದಿನ ವೈಪರ್ ಓಡುತ್ತದೆ, ಗಾಬರಿಯಾಗುವುದು ಬೇಡ. ವೃತ್ತಗಳಲ್ಲಿ ಗಡಿಯಾರದ ವಿರುದ್ಧ ದಿಕ್ಕು, ಸಾಮಾನ್ಯವಾಗಿ ಒಳಗಿರುವ ಗಾಡಿಗೆ ಮೊದಲ ಹಕ್ಕು. ಫಲಕವೇ ಇಲ್ಲದ ಕೂಡುರಸ್ತೆಯಲ್ಲಿ ನಿಮ್ಮ ಬಲದಿಂದ ಬರುವವರಿಗೆ ದಾರಿ ಬಿಡಬೇಕು, ಅದು ಎಷ್ಟೇ ಸಣ್ಣ ಗಲ್ಲಿಯಾಗಿರಲಿ. ಹಳದಿ ವಜ್ರಾಕೃತಿಯ ಫಲಕ ಕಂಡರೆ ಮಾತ್ರ ಆ ರಸ್ತೆಯಲ್ಲಿ ನಿಮಗೆ ಆದ್ಯತೆ. ಜೀಬ್ರಾ ಪಟ್ಟೆಯ ಬಳಿ ಮನುಷ್ಯರು ನಿಂತಿದ್ದರೆ ನಿಲ್ಲಿಸಲೇಬೇಕು. ಹಾರ್ನ್ ಮುಟ್ಟಬೇಡಿ.

• ಪಕ್ಕದ ಸೀಟು ನಿದ್ದೆ ಮಾಡುವ ಜಾಗವಲ್ಲ. ದಾರಿ ಹೇಳುವುದು, ಫೋನ್ ನೋಡುವುದು, ವೇಗದ ಫಲಕ ಗಮನಿಸುವುದು, ನೀರು ಕೊಡುವುದು ಎಲ್ಲ ಅಲ್ಲಿ ಕೂತವರ ಕೆಲಸ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸುವುದು ಕೂಡ ಅವರ ಜವಾಬ್ದಾರಿ. ಓಡಿಸುವವರು ‘ಇನ್ನು ಸ್ವಲ್ಪ ದೂರ’ ಎನ್ನುತ್ತಲೇ ಇರುತ್ತಾರೆ.

• ಜರ್ಮನಿಯ ಆಟೊಬಾನ್‌ನಲ್ಲಿ ವೇಗಕ್ಕೆ ಮಿತಿಯಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಮಿತಿಯಿರುವ ಭಾಗಗಳೂ ಧಾರಾಳವಾಗಿವೆ. ಇಲ್ಲದ ಕಡೆಯೂ 130 ಎಂದು ಸಲಹೆಯಿದೆ. ನಿಮಗೆ 110, 120 ಸಾಕು. ಬಲದ ಸಾಲಿನಲ್ಲೇ ಇರಿ. ಹಿಂದಿಕ್ಕುವುದು ಎಡದಿಂದ ಮಾತ್ರ, ಹಿಂದಿಕ್ಕಿದ ಮೇಲೆ ಮತ್ತೆ ಬಲಕ್ಕೆ. ಎಡಕ್ಕೆ ಹೋಗುವ ಮೊದಲು ಕನ್ನಡಿಯಲ್ಲಿ ಚುಕ್ಕೆಯಂತೆ ಕಂಡ ಕಾರು 200ರಲ್ಲಿ ಬರುತ್ತಿರಬಹುದು. ಆಸ್ಟ್ರಿಯಾ, ಇಟಲಿ, ಸ್ಲೊವೇನಿಯಾ ಹೆದ್ದಾರಿಗಳಲ್ಲಿ ಗರಿಷ್ಠ 130, ಇಟಲಿಯಲ್ಲಿ ಮಳೆ ಬಂದರೆ 110. ವಾಹನಗಳು ನಿಧಾನಗೊಂಡು ಸಾಲುಗಟ್ಟಿದರೆ, ಜರ್ಮನಿ ಮತ್ತು ಆಸ್ಟ್ರಿಯಾಗಳಲ್ಲಿ ಆಂಬ್ಯುಲೆನ್ಸಿಗೆ ನಡುವೆ ದಾರಿ ಮಾಡಬೇಕು: ತೀರಾ ಎಡದ ಸಾಲಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿಯಬೇಕು. ಸೈರನ್ ಕೇಳಲೆಂದು ಕಾಯುವಂತಿಲ್ಲ. ಒಂದು ಜೀವಕ್ಕೆ ಹೋಗುವ ದಾರಿ ಅದು, ಎಲ್ಲರೂ ಕಲಿತಿರಬೇಕು ಎಂದು ನನ್ನ ಆಸೆ.

• ರಸ್ತೆ ಸುಂಕ ದೇಶಕ್ಕೊಂದು ತರಹ. ನಮ್ಮ ಫಾಸ್ಟ್ಯಾಗಿನ ಹಾಗೆ ಒಂದನ್ನೇ ಅಂಟಿಸಿ ಎಲ್ಲ ಕಡೆ ಓಡುವಂತಿಲ್ಲ. ಜರ್ಮನಿಯಲ್ಲಿ ಕಾರಿಗೆ ಹೆದ್ದಾರಿ ಸುಂಕವಿಲ್ಲ. ಆಸ್ಟ್ರಿಯಾಗೆ ಮತ್ತು ಸ್ಲೊವೇನಿಯಾಗೆ ವಿನ್ಯೆಟ್ ಎಂಬ, ಇಷ್ಟು ದಿನಕ್ಕೆಂದು ಕೊಳ್ಳುವ ಪರವಾನಗಿ ಬೇಕು; ಎರಡನ್ನೂ ಅಂತರ್ಜಾಲದಲ್ಲಿ ಕಾರಿನ ನಂಬರಿಗೆ ಜೋಡಿಸಿ ಕೊಳ್ಳಬಹುದು. ಆಸ್ಟ್ರಿಯಾದ್ದನ್ನು ಆಸ್ಫಿನಾಗ್, ಸ್ಲೊವೇನಿಯಾದ್ದನ್ನು ದಾರ್ಸ್ ಸಂಸ್ಥೆಯ ತಾಣದಲ್ಲೇ ತಗೋ, ನಡುವೆ ಕೂತ ದಲ್ಲಾಳಿ ತಾಣಗಳು ದುಪ್ಪಟ್ಟು ಕೇಳುತ್ತವೆ. ಬಾಡಿಗೆ ಕಾರಿನ ನಂಬರ್ ಕೈಗೆ ಬರುವುದು ಕೌಂಟರಿನಲ್ಲಿ. ಹಾಗಾಗಿ ಕೊಳ್ಳುವ ಕೆಲಸ ಹೊರಡುವ ಬೆಳಿಗ್ಗೆಯದು. ಸೊನ್ನೆ ಯಾವುದು, ಓ ಅಕ್ಷರ ಯಾವುದು ನೋಡಿ ಬರೆ. ಟೌವರ್ನ್, ಕಾರಾವಾಂಕನ್, ಬ್ರೆನ್ನರ್ ಭಾಗಗಳಿಗೆ ವಿನ್ಯೆಟ್ ಇದ್ದರೂ ಬೇರೆ ಸುಂಕ. ಕಾರಾವಾಂಕನ್ ಸುರಂಗದ ಆಚೆ ಬಾಯಿಯಲ್ಲೇ ಸ್ಲೊವೇನಿಯಾದ ಹೆದ್ದಾರಿ ಶುರು, ಅಲ್ಲಿ ಪರವಾನಗಿ ಇಲ್ಲದೆ ಸಿಕ್ಕಿಬಿದ್ದರೆ ದಂಡ 300 ಯುರೋದಿಂದ ಮೇಲೆ. ವ್ಯಾನಿನಂತೆ ಮೂತಿ ಎತ್ತರವಾದ ಗಾಡಿಗೆ ಅಲ್ಲಿ ಬೇರೆ ದರ್ಜೆ, ನೋಡಿ ಕೊಳ್ಳಬೇಕು. ಇಟಲಿಯಲ್ಲಿ ಹೆದ್ದಾರಿ ಹತ್ತುವಾಗ ಚೀಟಿ, ಇಳಿಯುವಾಗ ಹಣ. ಹಳದಿ ಬಣ್ಣದ ಟೆಲಿಪಾಸ್ ಸಾಲಿಗೆ ನುಗ್ಗಬೇಡಿ, ಅದು ಸುಂಕದ ಯಂತ್ರ ಅಂಟಿಸಿಕೊಂಡ ಕಾರುಗಳಿಗೆ. ಸ್ವಿಟ್ಜರ್‌ಲೆಂಡಿನ ಆಸೆ ಇನ್ನೂ ಬಿಟ್ಟಿಲ್ಲವಾದರೆ, ಅಲ್ಲಿ ಒಂದು ದಿನಕ್ಕೂ ವರ್ಷದ ವಿನ್ಯೆಟ್ಟೇ: 40 ಫ್ರಾಂಕ್.

• ಇದೆಲ್ಲಕ್ಕೂ ಕಾರ್ಡಿನಲ್ಲಿ ಹಣ ಕಟ್ಟುವಾಗ ಒಟಿಪಿ ಬರುವುದು ಬೆಂಗಳೂರಿನ ಸಿಮ್ಮಿಗೆ. ರೋಮಿಂಗ್ ಹಾಕಿಸದೆ ಹೋಗಬೇಡ. ವಿದೇಶಿ ವ್ಯವಹಾರಕ್ಕೆ ಕಾರ್ಡನ್ನು ಬ್ಯಾಂಕಿನ ಆ್ಯಪಿನಲ್ಲಿ ತೆರೆದಿಡು. ಅಂಗಡಿಯ ಯಂತ್ರ ‘ರೂಪಾಯಿಯಲ್ಲೋ ಯುರೋದಲ್ಲೋ’ ಎಂದು ಕೇಳಿದರೆ ಯುರೋ ಒತ್ತು. ರೂಪಾಯಿ ಒತ್ತಿದರೆ ವಿನಿಮಯ ದರದಲ್ಲಿ ಕಳೆದುಕೊಳ್ಳುತ್ತೀಯ.

• ಇಟಲಿಯ ಊರುಗಳ ಬಗ್ಗೆ ಎಚ್ಚರ. ಹಳೆಯ ಊರಿನ ನಡುಭಾಗಕ್ಕೆ ಹೊರಗಿನ ಕಾರು ಬರಕೂಡದು ಎಂಬ ವಲಯಗಳಿವೆ, ಫಲಕದ ಮೇಲೆ ಝಡ್‌ಟಿಎಲ್ ಎಂದಿರುತ್ತದೆ. ಕೆಂಪು ವೃತ್ತದ ಸಣ್ಣ ಫಲಕ, ಮೇಲೊಂದು ಕ್ಯಾಮೆರಾ, ತಡೆಯುವ ಪೊಲೀಸರಿಲ್ಲ, ಗೇಟಿಲ್ಲ. ಮ್ಯಾಪ್ ಸೀದಾ ಅದರೊಳಗೇ ದಾರಿ ತೋರಿಸಬಹುದು. ಒಂದು ಸಲ ಹೊಕ್ಕರೆ ಒಂದು ದಂಡ, ಬೀದಿ ತಪ್ಪಿ ಮತ್ತೆ ಹೊಕ್ಕರೆ ಇನ್ನೊಂದು. ಬಾಡಿಗೆ ಕಂಪನಿ ನಿಮ್ಮ ವಿಳಾಸ ಕೊಟ್ಟಿದ್ದಕ್ಕೆಂದು ತನ್ನ ಶುಲ್ಕ ಬೇರೆ ಮುರಿದುಕೊಳ್ಳುತ್ತದೆ. ವಿದೇಶದವರಿಗೆ ನೋಟಿಸ್ ಕಳಿಸಲು ಇಟಲಿಗೆ 360 ದಿನ ಗಡುವಿದೆ. ಪ್ರವಾಸ ಮರೆತ ಮೇಲೆ ಮನೆ ಬಾಗಿಲಿಗೆ ಬರುತ್ತದೆ. ನಿವಾರಣೆ ಒಂದೇ: ಕಾರನ್ನು ಊರ ಹೊರಗೆ ಬಿಟ್ಟು ಬಸ್ಸು ಹಿಡಿಯುವುದು. ವೆನಿಸ್ ಊರೊಳಗಂತೂ ಕಾರು ಓಡುವುದೇ ಇಲ್ಲ; ಮೆಸ್ಟ್ರೆಯಲ್ಲಿ ಪಾರ್ಕಿಂಗ್ ಇರುವ ಹೋಟೆಲಿನಲ್ಲಿ ಬಿಟ್ಟು ರೈಲು ಹತ್ತಿದರೆ ಹತ್ತು ನಿಮಿಷದ ದಾರಿ.

• ಪಾರ್ಕಿಂಗ್ ಗೆರೆಗಳು ಇಟಲಿಯಲ್ಲಿ ಹೀಗೆ: ಬಿಳಿ ಉಚಿತ, ನೀಲಿಗೆ ಹಣ, ಹಳದಿ ನಿಮಗಲ್ಲ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಕೆಲವೆಡೆ ಬಂದ ಹೊತ್ತನ್ನು ರಟ್ಟಿನ ನೀಲಿ ಚಕ್ರದಲ್ಲಿ ತಿರುಗಿಸಿ ಗಾಜಿನ ಹಿಂದೆ ಇಡಬೇಕು. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಅದಿದೆಯೇ ನೋಡಿಕೊಳ್ಳಿ. ಹೋಟೆಲ್ ಆರಿಸುವಾಗ ಊರಿನ ನಟ್ಟನಡುವೆ ಎಂಬುದಕ್ಕಿಂತ ಸ್ವಂತ ಪಾರ್ಕಿಂಗ್, ಲಿಫ್ಟ್ ಇವೆರಡನ್ನು ಮೊದಲು ನೋಡು. ಡೊಲೊಮೈಟಿನ ಬ್ರಾಯೆಸ್ ಸರೋವರದಂಥ ಕಡೆ ಜುಲೈಯಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ಮುಂಗಡ ಕಾಯ್ದಿರಿಸದ ಕಾರನ್ನು ಹಗಲಲ್ಲಿ ಬಿಡುವುದಿಲ್ಲ.

• ಘಟ್ಟದ ದಾರಿ. ಚಾರ್ಮಾಡಿ, ಆಗುಂಬೆ ಇಳಿದು ಅಭ್ಯಾಸವಿರುವ ಅಳಿಯಂದಿರಿಗೆ ಆಲ್ಪ್ಸ್ ತಿರುವುಗಳು ಹೊಸದೇನಲ್ಲ, ಆದರೆ ಪ್ರಪಾತ ಯಾವ ಬದಿಗೆ ಬರುತ್ತದೆಂಬ ಅಂದಾಜು ಅದಲುಬದಲಾಗುತ್ತದೆ. ಸಾಲ್ಸ್‌ಬರ್ಗ್‌ನಲ್ಲಿರುವಾಗ ಆಕಾಶ ಶುಭ್ರವಾಗಿದ್ದರೆ ಗ್ರೋಸ್‌ಗ್ಲಾಕ್ನರ್ ಪರ್ವತ ರಸ್ತೆಗೆ ಒಂದು ಇಡೀ ದಿನ ಕೊಡಿ. 1935ರಲ್ಲಿ ತೆರೆದ, ಸುಮಾರು 48 ಕಿ.ಮೀ. ಉದ್ದದ, 36 ಹಿಮ್ಮುರಿ ತಿರುವುಗಳ ಸುಂಕದ ರಸ್ತೆ. ಹಿಮನದಿಯ ಎದುರು 2,369 ಮೀಟರ್ ಎತ್ತರದಲ್ಲಿ ನಿಂತು ನೋಡಲು ಕಟ್ಟೆಯಿದೆ. ನಾನು ಕಂಡ ರಸ್ತೆಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಮೋಡ ಕವಿದಿದ್ದರೆ ಹೋಗಬೇಡಿ, ಸುಂಕ ದಂಡ. ಇಳಿಯುವಾಗ ಬ್ರೇಕ್ ಒತ್ತಿಹಿಡಿಯದೆ ಸಣ್ಣ ಗೇರಿನಲ್ಲಿ ಇಳಿಸಿ. ಆಟೊಮ್ಯಾಟಿಕ್‌ನಲ್ಲೂ ಗೇರು ಕೈಯಿಂದ ಇಳಿಸುವ ಏರ್ಪಾಡಿರುತ್ತದೆ, ಕೌಂಟರಿನಲ್ಲೇ ಕೇಳಿ ಕಲಿಯಿರಿ. ಹಿಂದೆ ಸ್ಥಳೀಯರ ಕಾರುಗಳು ಕೂಡಿಕೊಂಡರೆ ಅಗಲ ಕಂಡಲ್ಲಿ ನಿಲ್ಲಿಸಿ ಅವರನ್ನು ಮುಂದೆ ಬಿಡಿ. ಪುಟ್ಟನಿಗೆ ತಿರುವಿನಲ್ಲಿ ವಾಂತಿಯಾಗುತ್ತದಲ್ಲ, ಹೊರಡುವ ಮುಂಚೆ ಹಾಲು ಬೇಡ.

• ಉದ್ದದ ಸುರಂಗಗಳಲ್ಲಿ ದೀಪ ಹಾಕಿ, ಮುಂದಿನ ಗಾಡಿಯಿಂದ ದೂರ ಬಿಟ್ಟು ಓಡಿಸಿ. ಮಾರ್ಚ್ 1999ರಲ್ಲಿ ಮಾಂಟ್ ಬ್ಲಾಂಕ್ ಸುರಂಗದೊಳಗೆ ಲಾರಿಯೊಂದಕ್ಕೆ ಬೆಂಕಿ ಬಿದ್ದು 39 ಮಂದಿ ಸತ್ತರು, ಬಹಳಷ್ಟು ಮಂದಿ ಕಾರಿನಲ್ಲೋ ಅದರ ಹತ್ತಿರವೋ ಹೊಗೆಗೆ ಸಿಕ್ಕಿ. ಒಳಗೆ ಹೊಗೆ ಕಂಡರೆ ಎಂಜಿನ್ ಆರಿಸಿ, ಕೀಲಿಕೈ ಕಾರಿನಲ್ಲೇ ಬಿಟ್ಟು, ಸಾಮಾನಿನ ಆಸೆಯಿಲ್ಲದೆ ಹಸಿರು ಫಲಕದ ತುರ್ತು ಬಾಗಿಲಿಗೆ ನಡೆಯಬೇಕು. ಇದನ್ನು ಬೀಗರಿಗೂ ಮೊದಲೇ ತಿಳಿಸಿಡು.

• ಬಹುಪಾಲು ಬಂಕಿನಲ್ಲಿ ಹುಡುಗರಿರುವುದಿಲ್ಲ, ತುಂಬಿಸುವುದು ನಾವೇ. ಪಂಪಿನ ನಂಬರ್ ನೆನಪಿಟ್ಟು ಒಳಗೆ ಹೋಗಿ ಹಣ ಕೊಡಬೇಕು. ಇಟಲಿಯಲ್ಲಿ ‘ಗಾಸೋಲಿಯೊ’ ಎಂದರೆ ಡೀಸೆಲ್, ‘ಬೆಂಜೀನಾ’ ಪೆಟ್ರೋಲ್. ಅನುಮಾನವಾದರೆ ಮುಚ್ಚಳದ ಗುರುತು ನೋಡಿ: ಪೆಟ್ರೋಲಿಗೆ ವೃತ್ತ, ಡೀಸೆಲಿಗೆ ಚೌಕ. ತಪ್ಪಾಗಿ ತುಂಬಿಸಿದ್ದು ಗೊತ್ತಾದರೆ ಎಂಜಿನ್ ಸ್ಟಾರ್ಟ್ ಮಾಡದೆ ಕಂಪನಿಗೆ ಫೋನ್ ಮಾಡಿ. ಹೆದ್ದಾರಿಯ ಬಂಕು ದುಬಾರಿ, ಊರೊಳಗಿನದು ಅಗ್ಗ. ಆಟೊಬಾನಿನಲ್ಲಿ ಇಂಧನ ಮುಗಿದು ನಿಂತರೆ ದಂಡ ಬೀಳುತ್ತದೆ.

• ಊಟ. ಯುರೋಪಿನ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಆದ್ದರಿಂದ ತುಪ್ಪದ ಡಬ್ಬಿ, ಧಾರವಾಡ ಪೇಡ ಮನೆಯಲ್ಲೇ ಇರಲಿ. ಹಸಿ ಕರಿಬೇವು, ಮಾವಿನಹಣ್ಣಿಗೂ ತಡೆಯಿದೆ. ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರಕ್ಕೆ ಇಲ್ಲ. ಚಟ್ನಿಪುಡಿ, ಗೊಜ್ಜವಲಕ್ಕಿಯ ಪುಡಿ, ಹುರಿದ ರವೆ ಒಯ್ಯಿರಿ. ಬ್ಲೆಡ್, ಓರ್ಟಿಸೇಗಳಲ್ಲಿ ಅಡುಗೆಮನೆಯಿರುವ ಮನೆ ಹಿಡಿದರೆ ಬೀಗರಿಗೆ ರಾತ್ರಿ ಅನ್ನ ಸಾರು ಆಗುತ್ತದೆ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ, ತರಕಾರಿ ಮೊಸರು ಶನಿವಾರವೇ ತನ್ನಿ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ತಿಳಿದಿರಲಿ, ಪಾರ್ಮೆಸಾನ್ ಚೀಸ್ ಮಾಡಲು ಕರುವಿನ ಜಠರದ ಹೆಪ್ಪು ಬಳಸುತ್ತಾರೆ. ನಲ್ಲಿ ನೀರು ಕುಡಿಯಬಹುದು.

• ಬೀಗರ ಔಷಧಿ ಪೂರ್ತಿ ಕೈಚೀಲದಲ್ಲಿ, ವಾರದಷ್ಟು ಹೆಚ್ಚಿಗೆ, ವೈದ್ಯರ ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಇರಲಿ. ಹೆದ್ದಾರಿಯ ಶೌಚಾಲಯಕ್ಕೆ ಜರ್ಮನಿಯಲ್ಲಿ ಒಂದು ಯುರೋ ಬೀಳುತ್ತದೆ, ಚಿಲ್ಲರೆಯ ಪುಟ್ಟ ಪರ್ಸ್ ಬೀಗತಿಯವರ ಹತ್ತಿರವೇ ಇರಲಿ. ಪ್ರತಿ ಸಲ ಮಗ ಸೊಸೆಯನ್ನು ಕೇಳುವ ಸಂಕೋಚ ಅವರಿಗಾಗಬಾರದು.

• ಕೆಟ್ಟು ನಿಂತರೆ, ಅಪಘಾತವಾದರೆ: ಪ್ರತಿಫಲಿಸುವ ಜಾಕೆಟ್ ತೊಟ್ಟೇ ಇಳಿಯಬೇಕು, ಅದು ಡಿಕ್ಕಿಯಲ್ಲಲ್ಲ, ಸೀಟಿನ ಕೆಳಗಿರಬೇಕು. ಎಲ್ಲರೂ ರಕ್ಷಣಾ ಬೇಲಿಯ ಆಚೆ ನಿಲ್ಲಿ, ತ್ರಿಕೋನ ಹಿಂದೆ ದೂರ ಇಡಿ. ಎಲ್ಲ ದೇಶಕ್ಕೂ ಒಂದೇ ತುರ್ತು ಸಂಖ್ಯೆ, 112. ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿರುವ ಅಪಘಾತ ಹೇಳಿಕೆ ನಮೂನೆಯನ್ನು ಇಬ್ಬರೂ ಚಾಲಕರು ತುಂಬಿ ಸಹಿ ಹಾಕುತ್ತಾರೆ. ನಿಮಗೆ ಓದಲು ಬಾರದ ಭಾಷೆಯ ಹಾಳೆಗೆ ಸಹಿ ಬೇಡ, ಪೊಲೀಸರನ್ನು ಕರೆಸಿ.

• ಕೊನೆಯ ದಿನ ಬ್ರೆನ್ನರ್ ದಾರಿಯಲ್ಲಿ ಸಾಲು ನಿಲ್ಲುವುದು ಮಾಮೂಲು. ಓರ್ಟಿಸೇಯಿಂದ ಹೊರಟ ದಿನವೇ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ. ಮ್ಯೂನಿಕ್‌ನ ಕೊನೆಯ ರಾತ್ರಿ ಅದಕ್ಕೇ. ವಿಮಾನ ನಿಲ್ದಾಣಕ್ಕೆ ಹದಿನೈದು ಕಿ.ಮೀ. ಮುಂಚೆ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಕಾರು ಒಪ್ಪಿಸುವಾಗ ಮತ್ತೆ ಸುತ್ತ ವಿಡಿಯೊ ಮಾಡಿ, ಏನೂ ಹಾನಿಯಿಲ್ಲ ಎಂಬ ಹಾಳೆಯನ್ನು ಕೈಯಲ್ಲೇ ಪಡೆದು ಬನ್ನಿ. ಠೇವಣಿ ಬಿಡುಗಡೆಯಾಗಲು ಕೆಲವು ದಿನ ಹಿಡಿಯುತ್ತದೆ. ಎಲ್ಲ ಕಾಗದಗಳನ್ನೂ ಒಂದು ವರ್ಷ ಜೋಪಾನ ಮಾಡು, ಇಟಲಿಯ ಪತ್ರ ಬಂದರೆ ಬೇಕಾಗುತ್ತದೆ.

ಟ್ಯೂಬಿಂಗನ್ ಸೇರಿಸುತ್ತೀರೋ ಬಿಡುತ್ತೀರೋ ಅಳಿಯಂದಿರೊಡನೆ ಮಾತಾಡಿ ಈ ವಾರ ತಿಳಿಸು. ರಾತ್ರಿಗಳ ಲೆಕ್ಕ ನಿಂತ ಮೇಲೆ ವೀಸಾದ ಹಾಳೆಗಳನ್ನು ಹಿಡಿದು ಒಂದು ಭಾನುವಾರ ಮನೆಗೆ ಬಾ, ಕೂತು ತಾಳೆ ನೋಡೋಣ.